ಮಕ್ಕಳು ಯಾರ ಮನೆಯಲ್ಲಿ ಮಲಗಿದರು? ಬೇರೆಯಾದ ದಂಪತಿಯ ಅಮೆರಿಕದ ಟ್ಯಾಕ್ಸ್ ಲೆಕ್ಕ

ಪ್ರಶ್ನೆ: ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. 2025ರ ಏಪ್ರಿಲ್ 12ರಂದು ನನ್ನ ಗಂಡ ಮನೆ ಬಿಟ್ಟು, ಇಪ್ಪತ್ತು ನಿಮಿಷ ದೂರದ ಬೇರೆ ಅಪಾರ್ಟ್‌ಮೆಂಟ್‌ಗೆ ಹೋದರು. ಡಿವೋರ್ಸ್ ಕೇಸ್ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ. ಮಕ್ಕಳಿಬ್ಬರೂ ನನ್ನ ಜೊತೆ ಇದ್ದಾರೆ. ಮಗಳಿಗೆ 11 ವರ್ಷ, ಮೈಸೂರಿನಲ್ಲಿ ಹುಟ್ಟಿದವಳು, ಅವಳಿಗೆ ಐಟಿಐಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಎಸ್‌ಎಸ್‌ಎನ್, ಸಿಗದವರಿಗೆ ಟ್ಯಾಕ್ಸ್‌ಗಾಗಿ ಕೊಡುವ ನಂಬರ್) ಇದೆ. ಮಗನಿಗೆ 7, ಇಲ್ಲೇ ಹುಟ್ಟಿದವನು. ಪ್ರತಿ ಬುಧವಾರ ರಾತ್ರಿ, ಜೊತೆಗೆ ವಾರ ಬಿಟ್ಟು ವಾರ ಶುಕ್ರವಾರ ಮತ್ತು ಶನಿವಾರ ರಾತ್ರಿ ಅವರು ಅಪ್ಪನ ಮನೆಯಲ್ಲಿರುತ್ತಾರೆ. ನಾನು ಎಚ್-4 ಇಎಡಿ (ಗಂಡನ ಎಚ್-1ಬಿ ವೀಸಾ ಆಧಾರದಲ್ಲಿ ಹೆಂಡತಿಗೆ ಸಿಗುವ ಕೆಲಸದ ಪರವಾನಗಿ) ಮೇಲೆ ಕೆಲಸ ಮಾಡುತ್ತೇನೆ, ಸಂಬಳ 72,000 ಡಾಲರ್. ಅವರದು 1,65,000. ಬಾಡಿಗೆ 2,400, ಕರೆಂಟು, ಗ್ಯಾಸ್, ಇಂಟರ್‌ನೆಟ್ ಸೇರಿ 300, ದಿನಸಿ 800, ಬಾಡಿಗೆ ಮನೆಯ ಇನ್ಶೂರೆನ್ಸ್ 20. ಏಪ್ರಿಲ್‌ನಿಂದ ಇದೆಲ್ಲ ನಾನೇ ಕಟ್ಟುತ್ತಿದ್ದೇನೆ. ಅವರು ಮಕ್ಕಳ ಖರ್ಚಿಗೆ ತಿಂಗಳಿಗೆ 900 ಕೊಡುತ್ತಾರೆ. "ನಾವಿನ್ನೂ ಗಂಡ ಹೆಂಡತಿ, ಜಾಯಿಂಟ್ ಹಾಕಿದರೇ ಉಳಿತಾಯ. ನೀನು ಒಪ್ಪದಿದ್ದರೆ ಮಕ್ಕಳನ್ನು ನನ್ನ ರಿಟರ್ನ್‌ನಲ್ಲಿ ಹಾಕ್ತೀನಿ, ದುಡ್ಡು ಕೊಡೋನು ನಾನೇ ಅಲ್ವಾ" ಅನ್ನುತ್ತಾರೆ. ಮೀಡಿಯೇಟರ್ "ತಲಾ ಒಂದೊಂದು ಮಗು ಹಾಕಿಕೊಳ್ಳಿ" ಅಂದರು. ನಾನು ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಮನಸ್ಸಿಗೆ ಸ್ವಲ್ಪ ಸಮಾಧಾನ ಆಗಲಿ ಅಂತ ಉತ್ತರವನ್ನೇ ಮುಂದೆ ಇಡುತ್ತೇನೆ. ನೀವು ಬರೆದದ್ದು ಹಾಗೇ ಇದ್ದರೆ, 2025ರ ರಿಟರ್ನ್‌ನಲ್ಲಿ ನೀವು ಹೆಡ್ ಆಫ್ ಹೌಸ್‌ಹೋಲ್ಡ್ (ಮಕ್ಕಳನ್ನು ಇಟ್ಟುಕೊಂಡು ಮನೆ ನಡೆಸುವವರಿಗೆ ಟ್ಯಾಕ್ಸ್ ಕಡಿಮೆ ಬೀಳುವ ಸ್ಟೇಟಸ್) ಆಗಿ ಫೈಲ್ ಮಾಡಬಹುದು. ಮಕ್ಕಳಿಬ್ಬರನ್ನೂ ನೀವೇ ಹಾಕಿಕೊಳ್ಳಬಹುದು. ನೀವು ಸಹಿ ಮಾಡಿ ಬಿಟ್ಟುಕೊಡದೆ ನಿಮ್ಮ ಗಂಡ ಅವರನ್ನು ಹಾಕಿಕೊಳ್ಳುವಂತಿಲ್ಲ. ಅವರ ಸಂಬಳ ಜಾಸ್ತಿ, ದುಡ್ಡು ಕೊಡುತ್ತಾರೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಅವರು ಹೇಳಿದ್ದರಲ್ಲಿ ಒಂದು ಮಾತು ಸರಿ. ಟ್ಯಾಕ್ಸ್ ಮಟ್ಟಿಗೆ ನೀವು ಮದುವೆಯಾದವರೋ ಅಲ್ಲವೋ ಎಂಬುದನ್ನು ಅಮೆರಿಕದ ಟ್ಯಾಕ್ಸ್ ಇಲಾಖೆ ಐಆರ್‌ಎಸ್ ಡಿಸೆಂಬರ್ 31ರ ದಿನ ನೋಡುತ್ತದೆ. ಆ ದಿನ ಕೋರ್ಟಿನ ಕೊನೆಯ ಡಿಕ್ರಿ ಕೈಗೆ ಬಂದಿರದಿದ್ದರೆ ವರ್ಷಪೂರ್ತಿ ಮದುವೆಯಾದವರು ಅಂತಲೇ ಲೆಕ್ಕ. ಕೇಸ್ ಹಾಕಿದ್ದು, ಮಧ್ಯಂತರ ಆದೇಶ ಸಿಕ್ಕಿದ್ದು, ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಲ್ಲಿ ಅರ್ಜಿ ಬಾಕಿ ಇರುವುದು ಯಾವುದೂ ಇದನ್ನು ಬದಲಿಸುವುದಿಲ್ಲ. ಹಾಗಾಗಿ ನೀವು ಸಿಂಗಲ್ ಅಂತ ಹಾಕುವ ಹಾಗಿಲ್ಲ. ಈ ತಪ್ಪನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಬೇರೆ ಇದ್ದೇವಲ್ಲ, ಸಿಂಗಲ್ ಅಂತ ಟಿಕ್ ಮಾಡಿಬಿಡುತ್ತಾರೆ.

ಮದುವೆಯಾದವರಿಗೆ ಸಾಮಾನ್ಯವಾಗಿ ಎರಡೇ ದಾರಿ: ಜಾಯಿಂಟ್ (ಇಬ್ಬರೂ ಸೇರಿ ಒಂದೇ ರಿಟರ್ನ್), ಅಥವಾ ಮ್ಯಾರೀಡ್ ಫೈಲಿಂಗ್ ಸಪರೇಟ್ಲಿ (ಇಬ್ಬರೂ ಬೇರೆ ಬೇರೆ ರಿಟರ್ನ್). ಆದರೆ ಮಕ್ಕಳನ್ನು ಇಟ್ಟುಕೊಂಡು ಬೇರೆ ಇರುವವರಿಗೆ ಕಾನೂನು ಮೂರನೆಯ ಬಾಗಿಲು ತೆರೆದಿಟ್ಟಿದೆ. ಮದುವೆ ಮುರಿದಿರದಿದ್ದರೂ ಈ ಒಂದು ಕೆಲಸಕ್ಕೆ ನಿಮ್ಮನ್ನು ಮದುವೆಯಾಗದವರಂತೆ ಪರಿಗಣಿಸುತ್ತಾರೆ. ಅದಕ್ಕೆ ವರ್ಷದ ಕೊನೆಯ ಆರು ತಿಂಗಳು, ಅಂದರೆ ಜೂನ್ 30ರ ನಂತರ, ಗಂಡ ಆ ಮನೆಯಲ್ಲಿ ವಾಸವಿರಬಾರದು. ಮಗು ಅರ್ಧ ವರ್ಷಕ್ಕಿಂತ ಜಾಸ್ತಿ ನಿಮ್ಮ ಮನೆಯಲ್ಲಿರಬೇಕು. ಮನೆ ನಡೆಸುವ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀವು ಕೊಟ್ಟಿರಬೇಕು. ಜೊತೆಗೆ ಆ ಮಗು ನಿಮ್ಮ ಡಿಪೆಂಡೆಂಟ್ (ರಿಟರ್ನ್‌ನಲ್ಲಿ ನಿಮ್ಮ ಆಶ್ರಿತರು ಅಂತ ತೋರಿಸಬಹುದಾದವರು) ಆಗುವಂತಿರಬೇಕು, ಅಥವಾ ನೀವು ಸಹಿ ಮಾಡಿ ಬಿಟ್ಟುಕೊಟ್ಟಿದ್ದರಿಂದ ಮಾತ್ರ ಆಗದಿರಬೇಕು.

ನಿಮ್ಮವರು ಏಪ್ರಿಲ್‌ನಲ್ಲೇ ಹೋದರು, ಮೊದಲನೆಯದು ಮುಗಿಯಿತು. ಅದೇ ಅವರು ಆಗಸ್ಟ್‌ನಲ್ಲಿ ಹೋಗಿದ್ದರೆ ಈ ವರ್ಷ ಈ ಬಾಗಿಲು ಮುಚ್ಚಿರುತ್ತಿತ್ತು. ಒಂದೇ ಮನೆಯಲ್ಲಿ ಅವರು ಬೇಸ್‌ಮೆಂಟ್‌ನಲ್ಲಿ, ನೀವು ಮೇಲೆ ಅಂತ ಇದ್ದರೂ ಅದು ಬೇರೆ ವಾಸ ಅಲ್ಲ. ಗಂಡ ಆಫೀಸ್ ಕೆಲಸಕ್ಕೆ ಅಂತ ಎಂಟು ತಿಂಗಳು ಬೆಂಗಳೂರಿಗೆ ಹೋಗಿ ವಾಪಸ್ ಬರುವವರಿದ್ದರೆ ಅದೂ ಅಲ್ಲ, ಅದು ತಾತ್ಕಾಲಿಕ ಗೈರು ಅಷ್ಟೆ. ದೀಪಾವಳಿಗೆ ಬಂದು ಮಕ್ಕಳ ಜೊತೆ ಊಟ ಮಾಡಿ ಹೋದರೆ ಏನೂ ತೊಂದರೆ ಇಲ್ಲ. ಬಟ್ಟೆಬರೆ ತಂದಿಟ್ಟು ವಾರಗಟ್ಟಲೆ ಉಳಿಯುವುದು ಬೇಡ. ಅನುಮಾನಕ್ಕೆ ಯಾಕೆ ಎಡೆ ಕೊಡಬೇಕು?

ಮನೆ ಖರ್ಚಿನ ಲೆಕ್ಕವನ್ನು ನಾನೇ ಹಾಕಿ ನೋಡಿದೆ, ಯಾಕೆಂದರೆ ನಿಮ್ಮ ಕೇಸ್‌ನಲ್ಲಿ ಯಾರಾದರೂ ಪ್ರಶ್ನೆ ಎತ್ತಿದರೆ ಇಲ್ಲೇ ಎತ್ತುತ್ತಾರೆ. ಬಾಡಿಗೆ, ಕರೆಂಟು, ಇನ್ಶೂರೆನ್ಸ್, ರಿಪೇರಿ, ಮನೆಯಲ್ಲಿ ಉಣ್ಣುವ ಊಟ, ಇವು ಈ ಲೆಕ್ಕಕ್ಕೆ ಸೇರುತ್ತವೆ. ಬಟ್ಟೆ, ಸ್ಕೂಲ್ ಫೀಸು, ಡಾಕ್ಟರ್ ಬಿಲ್, ಕಾರು, ಪ್ರವಾಸ ಸೇರುವುದಿಲ್ಲ. ನಿಮ್ಮದು ತಿಂಗಳಿಗೆ 3,520, ವರ್ಷಕ್ಕೆ 42,240 ಡಾಲರ್. ಅರ್ಧ ಅಂದರೆ 21,120. ಮೊದಲ ಮೂರೂವರೆ ತಿಂಗಳ 12,320 ಪೂರ್ತಿ ಅವರೇ ಕೊಟ್ಟರು ಅಂತಲೇ ಇಟ್ಟುಕೊಳ್ಳೋಣ. ಉಳಿದ 29,920 ನಿಮ್ಮದು. ಅವರು ಎಂಟೂವರೆ ತಿಂಗಳು ಕೊಟ್ಟ 900 ಡಾಲರ್‌ಗಳನ್ನೂ, ಒಟ್ಟು 7,650, ಮನೆಗೇ ಸುರಿದಿರಿ ಅಂತ ಬಿಗಿಯಾಗಿ ಕಳೆದರೂ ನಿಮ್ಮ ಪಾಲು 22,270 ಉಳಿಯುತ್ತದೆ. ಎಷ್ಟೇ ಕಟ್ಟುನಿಟ್ಟಾಗಿ ನೋಡಿದರೂ ನೀವು ಅರ್ಧ ದಾಟಿದ್ದೀರಿ. ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡಿರಿ. ಮುಂದೆ ಅವರು "ಬಾಡಿಗೆ ನಾನೇ ನೇರವಾಗಿ ಓನರ್‌ಗೆ ಕಟ್ಟುತ್ತೇನೆ" ಅಂದರೆ ಒಪ್ಪುವ ಮುಂಚೆ ಈ ಲೆಕ್ಕವನ್ನು ಮತ್ತೆ ಮಾಡಿ. ಆ ಒಂದು ಬದಲಾವಣೆಯಿಂದ ಈ ಸ್ಟೇಟಸ್ ಕೈತಪ್ಪಬಹುದು.

ಈ ಸ್ಟೇಟಸ್‌ಗೆ ಇಷ್ಟು ಒದ್ದಾಡುವುದು ಯಾಕೆ? 2025ಕ್ಕೆ ಸಪರೇಟ್ ಹಾಕಿದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಟ್ಯಾಕ್ಸ್ ಲೆಕ್ಕಕ್ಕೆ ಮುಂಚೆ ಆದಾಯದಿಂದ ಕಳೆಯುವ ನಿಗದಿತ ಮೊತ್ತ) 15,750 ಡಾಲರ್. ಹೆಡ್ ಆಫ್ ಹೌಸ್‌ಹೋಲ್ಡ್‌ಗೆ 23,625. ಸ್ಲ್ಯಾಬ್‌ಗಳೂ ಅಗಲ. ನಿಮ್ಮ 72,000ಕ್ಕೆ ಸಪರೇಟ್ ಆದರೆ ಕ್ರೆಡಿಟ್ (ಟ್ಯಾಕ್ಸ್‌ನಿಂದಲೇ ನೇರವಾಗಿ ಕಳೆಯುವ ರಿಯಾಯಿತಿ) ಕಳೆಯುವ ಮುಂಚೆ ಟ್ಯಾಕ್ಸ್ ಸುಮಾರು 7,290. ಹೆಡ್ ಆಫ್ ಹೌಸ್‌ಹೋಲ್ಡ್ ಆದರೆ 5,465. ಬರೀ ಒಂದು ಟಿಕ್ ಮಾರ್ಕ್‌ನಿಂದ 1,800 ಡಾಲರ್‌ಗೂ ಮೇಲೆ ವ್ಯತ್ಯಾಸ. ಇನ್ನೊಂದು ಅನುಕೂಲವೂ ಇದೆ. ಸಪರೇಟ್ ಹಾಕುವ ದಂಪತಿಯಲ್ಲಿ ಒಬ್ಬರು ಐಟಮೈಸ್ ಮಾಡಿದರೆ (ನಿಗದಿತ ಮೊತ್ತದ ಬದಲು ಖರ್ಚುಗಳನ್ನು ಒಂದೊಂದಾಗಿ ತೋರಿಸಿ ಕಳೆದರೆ) ಇನ್ನೊಬ್ಬರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದಿಲ್ಲ. ನೀವು ಹೆಡ್ ಆಫ್ ಹೌಸ್‌ಹೋಲ್ಡ್ ಆದರೆ ಆ ಕಟ್ಟು ನಿಮಗಿಲ್ಲ.

ಈಗ "ಜಾಯಿಂಟ್ ಹಾಕಿದರೇ ಉಳಿತಾಯ" ಎಂಬ ಮಾತಿಗೆ ಬರೋಣ. ಇದು ಎಷ್ಟೋ ಮನೆಗಳಲ್ಲಿ ನಿಜ. ನಿಮ್ಮ ಮನೆಯಲ್ಲಿ ನಿಜ ಅಲ್ಲ. ಇಬ್ಬರ ಸಂಬಳ ಸೇರಿ 2,37,000. ಜಾಯಿಂಟ್ ಹಾಕಿದರೆ 31,500 ಕಳೆದು ಟ್ಯಾಕ್ಸ್ ಸುಮಾರು 35,040, ಮಕ್ಕಳ ಕ್ರೆಡಿಟ್ 2,700 (ಮಗನಿಗೆ 2,200, ಮಗಳಿಗೆ 500, ಯಾಕೆ ಅಂತ ಮುಂದೆ ಹೇಳುತ್ತೇನೆ) ಕಳೆದರೆ 32,340ರ ಹತ್ತಿರ. ಬೇರೆ ಬೇರೆ ಹಾಕಿದರೆ ಅವರಿಗೆ 28,670ರ ಆಸುಪಾಸು, ನಿಮಗೆ ಕ್ರೆಡಿಟ್ ಕಳೆದು 2,765. ಒಟ್ಟು 31,430. ಅಂದರೆ ಬೇರೆ ಬೇರೆ ಹಾಕಿದರೇ ಇಬ್ಬರ ಒಟ್ಟು ಟ್ಯಾಕ್ಸ್ ಸುಮಾರು 900 ಡಾಲರ್ ಕಡಿಮೆ. ಸಂಬಳ ಬಿಟ್ಟು ಬೇರೆ ಆದಾಯ ಇದ್ದರೆ ಅಂಕಿ ಬದಲಾಗುತ್ತದೆ. ಆದರೆ ಲೆಕ್ಕ ಹಾಕದೆ ಯಾರ ಮಾತನ್ನೂ ನಂಬಬೇಡಿ.

ದುಡ್ಡಿಗಿಂತ ನನಗೆ ಹೆಚ್ಚು ಚಿಂತೆ ಜಾಯಿಂಟ್ ರಿಟರ್ನ್ ಮೇಲೆ ನೀವು ಹಾಕುವ ಸಹಿಯದ್ದು. ಸಹಿ ಹಾಕಿದ ಮೇಲೆ ಅದರಲ್ಲಿರುವ ಪೂರ್ತಿ ಟ್ಯಾಕ್ಸ್‌ಗೆ ಇಬ್ಬರೂ ಹೊಣೆ, ಅರ್ಧರ್ಧ ಅಲ್ಲ. ಅವರು ಕಂಪನಿಯ ಷೇರು ಮಾರಿದ್ದು, ಬೆಂಗಳೂರಿನ ಫ್ಲ್ಯಾಟಿನ ಬಾಡಿಗೆ, ಮೈಸೂರಿನ ಬ್ಯಾಂಕಿನ ಎಫ್‌ಡಿ ಬಡ್ಡಿ ತೋರಿಸದೆ ಬಿಟ್ಟಿದ್ದರೆ ಐಆರ್‌ಎಸ್ ನಿಮ್ಮ ಹತ್ತಿರವೂ ಬರಬಹುದು. ಡಿವೋರ್ಸ್ ಆದ ಮೇಲೂ ಬರಬಹುದು. ಆಮೇಲೆ ಫಾರ್ಮ್ 8857 ಹಾಕಿ "ನನಗೆ ಗೊತ್ತಿರಲಿಲ್ಲ" ಅಂತ ಬಿಡುಗಡೆ ಕೇಳಬಹುದು ನಿಜ, ಆದರೆ ಅದು ಸುಲಭದ ದಾರಿ ಅಲ್ಲ. ಇಬ್ಬರ ನಡುವೆ ಮಾತುಕತೆ ಚೆನ್ನಾಗಿದ್ದು, ಎಲ್ಲ ಕಾಗದ ಕಣ್ಣಾರೆ ನೋಡಿದ್ದರೆ ಮಾತ್ರ ಜಾಯಿಂಟ್ ಬಗ್ಗೆ ಯೋಚಿಸಿ. ಇದೂ ನೆನಪಿರಲಿ: ಸಪರೇಟ್ ಹಾಕಿದವರು ಸಾಮಾನ್ಯವಾಗಿ ಮೂರು ವರ್ಷದೊಳಗೆ ತಿದ್ದಿ ಜಾಯಿಂಟ್ ಮಾಡಿಕೊಳ್ಳಬಹುದು. ಜಾಯಿಂಟ್ ಹಾಕಿದವರು ಏಪ್ರಿಲ್ 15ರ ಗಡುವು ದಾಟಿದ ಮೇಲೆ ಬೇರೆ ಆಗುವಂತಿಲ್ಲ.

ಇನ್ನು ಮಕ್ಕಳು ಯಾರ ಪಾಲಿಗೆ ಎಂಬ ಪ್ರಶ್ನೆ. ಐಆರ್‌ಎಸ್ ಇಲ್ಲಿ ಎಣಿಸುವುದು ರಾತ್ರಿಗಳನ್ನು. ಮಗು ಯಾರ ಮನೆಯಲ್ಲಿ ಹೆಚ್ಚು ರಾತ್ರಿ ಮಲಗಿತೋ ಅವರೇ ಕಸ್ಟೋಡಿಯಲ್ ಪೇರೆಂಟ್. ಕೋರ್ಟ್ ಕಾಗದದಲ್ಲಿ ಜಾಯಿಂಟ್ ಕಸ್ಟಡಿ ಅಂತ ಬರೆದಿದ್ದರೂ ಲೆಕ್ಕ ಇದೇ. ವರ್ಷದ ನಡುವೆ ಬೇರೆಯಾಗಿದ್ದರೆ, ಬೇರೆಯಾದ ದಿನದಿಂದಾಚೆಗೆ ಎಣಿಸಬೇಕು. ಏಪ್ರಿಲ್ 12ರಿಂದ ಡಿಸೆಂಬರ್ 31ರವರೆಗೆ 264 ರಾತ್ರಿಗಳು. ಬುಧವಾರಗಳು, ವಾರ ಬಿಟ್ಟು ವಾರದ ಎರಡು ರಾತ್ರಿಗಳು ಸೇರಿ ಅಪ್ಪನ ಮನೆಯಲ್ಲಿ ಸುಮಾರು 75. ನಿಮ್ಮಲ್ಲಿ ಸುಮಾರು 190. ಇಲ್ಲಿ ವಾದಕ್ಕೆ ಜಾಗವೇ ಇಲ್ಲ.

ರಾತ್ರಿಗಳು ಸರಿಸಮ ಬಂದರೆ ಮಾತ್ರ ಆದಾಯ ಜಾಸ್ತಿ ಇರುವವರಿಗೆ ಹಕ್ಕು ಹೋಗುತ್ತದೆ. ವಾರಕ್ಕೊಬ್ಬರು ಅಂತ ಹಂಚಿಕೊಂಡವರು ಇದನ್ನು ಗಮನಿಸಬೇಕು. 365 ಬೆಸ ಸಂಖ್ಯೆ, ಹಾಗಾಗಿ 183-182 ಆಗುತ್ತದೆ, ಆ ಒಂದೇ ರಾತ್ರಿ ಸಾವಿರಾರು ಡಾಲರ್ ಬೆಲೆಯದ್ದು. ಡಿಸೆಂಬರ್ 31ರ ರಾತ್ರಿ ಅದು ಶುರುವಾದ ವರ್ಷಕ್ಕೇ ಸೇರುತ್ತದೆ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ನರ್ಸ್, ಡಾಕ್ಟರ್ ತಾಯಂದಿರಿದ್ದಾರೆ. ಆ ಕಾರಣಕ್ಕೆ ಮಗು ರಾತ್ರಿ ಬೇರೆ ಕಡೆ ಮಲಗಿ ಹಗಲು ಇವರ ಹತ್ತಿರ ಹೆಚ್ಚು ಇದ್ದರೆ, ಅಂಥವರಿಗೆ ಹಗಲನ್ನೇ ಎಣಿಸುತ್ತಾರೆ.

ಬೇಸಿಗೆ ರಜೆಯಲ್ಲಿ ಮಕ್ಕಳು ಮೈಸೂರಿನ ಅಜ್ಜಿ ಮನೆಗೆ ಹೋದರೆ ಆ ರಾತ್ರಿಗಳು ಯಾರಿಗೆ? ಊರಿಗೆ ಹೋಗದೆ ಇದ್ದಿದ್ದರೆ ಆ ದಿನ ಯಾರ ಮನೆಯಲ್ಲಿ ಮಲಗುತ್ತಿದ್ದರೋ ಅವರಿಗೆ. ಅಪ್ಪನೋ ಅಮ್ಮನೋ ಜೊತೆಗೇ ಹೋಗಿದ್ದರೆ ಹೋದವರಿಗೆ. ಆದರೆ ಮಗುವನ್ನು ವರ್ಷಪೂರ್ತಿ ಊರಿನಲ್ಲೇ ಬಿಟ್ಟರೆ ವಿಷಯ ಬೇರೆ. ನಿಮ್ಮ ಮಗಳಂತೆ ಅಮೆರಿಕದ ಪೌರತ್ವ ಇಲ್ಲದ ಮಗು ಇಡೀ ವರ್ಷ ಭಾರತದಲ್ಲಿದ್ದರೆ ಇಲ್ಲಿ ಡಿಪೆಂಡೆಂಟ್ ಆಗುವುದೇ ಇಲ್ಲ. ಅಂಥ ಯೋಚನೆ ಇದ್ದರೆ ಟಿಕೆಟ್ ಮಾಡಿಸುವ ಮುಂಚೆ ವಿಚಾರಿಸಿ.

ಈಗ ಮೀಡಿಯೇಟರ್ ಹೇಳಿದ "ತಲಾ ಒಂದೊಂದು ಮಗು". ಕೇಳಲಿಕ್ಕೆ ನ್ಯಾಯವಾಗಿದೆ. ಆದರೆ ನಿಮ್ಮ ಇಬ್ಬರು ಮಕ್ಕಳು ಟ್ಯಾಕ್ಸ್ ಲೆಕ್ಕದಲ್ಲಿ ಸಮ ಅಲ್ಲ. ಮಗನಿಗೆ ಎಸ್‌ಎಸ್‌ಎನ್ ಇದೆ, ವಯಸ್ಸು 17ರೊಳಗಿದೆ, ಹಾಗಾಗಿ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ 2,200 ಡಾಲರ್. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು 2,000ದಿಂದ ಇಲ್ಲಿಗೆ ಏರಿಸಿತು. ಮಗಳಿಗೆ ಐಟಿಐಎನ್ ಮಾತ್ರ ಇರುವುದರಿಂದ ಅವಳಿಗೆ ಇತರ ಡಿಪೆಂಡೆಂಟ್‌ಗಳ ಕ್ರೆಡಿಟ್, 500 ಡಾಲರ್. ಮಗನನ್ನು ಅವರಿಗೆ ಕೊಟ್ಟು ಮಗಳನ್ನು ನೀವಿಟ್ಟುಕೊಂಡರೆ 1,700 ಡಾಲರ್ ವ್ಯತ್ಯಾಸ. ಮುಂದೆ ಮಗಳಿಗೆ ಗ್ರೀನ್ ಕಾರ್ಡ್ ಬಂದು ಎಸ್‌ಎಸ್‌ಎನ್ ಸಿಕ್ಕರೆ 17 ತುಂಬುವವರೆಗೆ ಅವಳಿಗೂ ದೊಡ್ಡ ಕ್ರೆಡಿಟ್ ಸಿಗುತ್ತದೆ. ಈಗಿನ ಒಪ್ಪಂದದಲ್ಲಿ ಅದನ್ನೂ ಯೋಚಿಸಿ ಬರೆಸಿ. ಐಟಿಐಎನ್ ಸತತ ಮೂರು ವರ್ಷ ಯಾವ ರಿಟರ್ನ್‌ನಲ್ಲೂ ಬಳಸದಿದ್ದರೆ ಅದರ ಅವಧಿ ಮುಗಿದುಹೋಗುತ್ತದೆ, ಅದನ್ನೂ ನೋಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಈ ವರ್ಷ ಯಾರನ್ನೂ ಬಿಟ್ಟುಕೊಡಬೇಕಾಗಿಲ್ಲ. ರಾಜಿಗಾಗಿ ಏನಾದರೂ ಕೊಡಲೇಬೇಕೆಂದರೆ ಮಗನನ್ನು ವರ್ಷ ಬಿಟ್ಟು ವರ್ಷ ಕೊಡುವುದು ಹೆಚ್ಚು ಸಮ. ಕೊಡುವುದು ಫಾರ್ಮ್ 8332ರ ಮೂಲಕ. 2008ರ ನಂತರದ ಡಿಕ್ರಿಯ ಪುಟಗಳನ್ನು ಅದರ ಬದಲಿಗೆ ಲಗತ್ತಿಸಿದರೆ ನಡೆಯುವುದಿಲ್ಲ. ಫಾರ್ಮಿನ ಮೊದಲ ಭಾಗದಲ್ಲಿ ಒಂದೇ ವರ್ಷಕ್ಕೆ ಸಹಿ ಮಾಡಿ. ಎರಡನೆಯ ಭಾಗದಲ್ಲಿ "ಮುಂದಿನ ಎಲ್ಲ ವರ್ಷ" ಅಂತ ಬರೆದು ಸಹಿ ಹಾಕಬೇಡಿ. ಹಿಂತೆಗೆದುಕೊಳ್ಳಬಹುದು, ಆದರೆ ಅದು ಅವರಿಗೆ ತಿಳಿಸಿದ ವರ್ಷದ ಮುಂದಿನ ವರ್ಷದಿಂದಷ್ಟೇ ಜಾರಿಗೆ ಬರುತ್ತದೆ. "ಮಕ್ಕಳ ಖರ್ಚಿನ ದುಡ್ಡು ಆ ವರ್ಷ ಪೂರ್ತಿ ಬಂದಿದ್ದರೆ ಮಾತ್ರ ಸಹಿ" ಅಂತ ಒಪ್ಪಂದದಲ್ಲಿ ಸೇರಿಸಲು ನಿಮ್ಮ ವಕೀಲರಿಗೆ ಹೇಳಿ. ಒಪ್ಪಂದದಲ್ಲಿ ಕೊಡುತ್ತೇನೆ ಅಂತ ಬರೆದು ಆಮೇಲೆ ಸಹಿ ಮಾಡದಿದ್ದರೆ ಐಆರ್‌ಎಸ್ ಏನೂ ಅನ್ನದಿರಬಹುದು, ಕೋರ್ಟ್ ಸುಮ್ನೆ ಬಿಡುವುದಿಲ್ಲ.

ಇಲ್ಲೊಂದು ಒಳ್ಳೆಯ ಸಂಗತಿ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಸಹಿ ಮಾಡಿ ಕೊಟ್ಟರೂ ಹೋಗುವುದು ಆ ಮಗುವಿನ ಕ್ರೆಡಿಟ್ ಮಾತ್ರ. ಹೆಡ್ ಆಫ್ ಹೌಸ್‌ಹೋಲ್ಡ್ ಸ್ಟೇಟಸ್ ನಿಮ್ಮಲ್ಲೇ ಉಳಿಯುತ್ತದೆ. ಆಫ್ಟರ್ ಸ್ಕೂಲ್, ಡೇಕೇರ್ ಖರ್ಚಿನ ಕ್ರೆಡಿಟ್ ಕೂಡ ನಿಮ್ಮಲ್ಲೇ ಉಳಿಯುತ್ತದೆ. ಇವನ್ನು ಸಹಿ ಮಾಡಿ ಕೊಡುವುದಕ್ಕೇ ಬರುವುದಿಲ್ಲ. ಇಬ್ಬರು ಮಕ್ಕಳ ಆಫ್ಟರ್ ಸ್ಕೂಲ್‌ಗೆ ವರ್ಷಕ್ಕೆ 4,800 ಕಟ್ಟಿದ್ದರೆ, 2025ಕ್ಕೆ ನಿಮ್ಮ ಆದಾಯಕ್ಕೆ ಅದರ ಶೇಕಡ 20, ಅಂದರೆ 960 ಡಾಲರ್ ಫಾರ್ಮ್ 2441ರಲ್ಲಿ ಸಿಗುತ್ತದೆ. ಮಕ್ಕಳು 13ರೊಳಗಿನವರಿರಬೇಕು, ನಡೆಸುವವರ ಟ್ಯಾಕ್ಸ್ ನಂಬರ್ ಬೇಕು. ಈಗಲೇ ಕೇಳಿಟ್ಟುಕೊಳ್ಳಿ.

ಅವರು ಕೊಡುವ 900 ಡಾಲರ್ ನಿಮಗೆ ಆದಾಯ ಅಲ್ಲ, ಅವರಿಗೆ ಕಡಿತವೂ ಅಲ್ಲ. ರಿಟರ್ನ್‌ನಲ್ಲಿ ಎಲ್ಲೂ ಬರುವುದಿಲ್ಲ.

ಅಷ್ಟೆಲ್ಲ ಆದ ಮೇಲೂ ಅವರು ನಿಮಗಿಂತ ಮೊದಲೇ ಮಕ್ಕಳನ್ನು ಹಾಕಿ ಫೈಲ್ ಮಾಡಿಬಿಟ್ಟರೆ? ಹೆದರಬೇಡಿ. ಮೊದಲು ಹಾಕಿದವರಿಗೆ ಹಕ್ಕು ಅಂತೇನೂ ಇಲ್ಲ. ಐಆರ್‌ಎಸ್ ವೆಬ್‌ಸೈಟಿನಲ್ಲಿ ಐಪಿ ಪಿನ್ ಎಂಬ ಆರಂಕಿಯ ಗುಪ್ತ ಸಂಖ್ಯೆ ಪಡೆಯಿರಿ. ಮುಂಚೆ ಇಂಥ ಸಂದರ್ಭದಲ್ಲಿ ಎರಡನೆಯವರ ಇ-ಫೈಲ್ ವಾಪಸ್ ಬಂದು, ಕಾಗದದಲ್ಲಿ ಅಂಚೆಗೆ ಹಾಕಬೇಕಾಗುತ್ತಿತ್ತು. 2025ರ ಫೈಲಿಂಗ್ ಸೀಸನ್‌ನಿಂದ ಈ ಪಿನ್ ಇದ್ದರೆ ಇ-ಫೈಲ್ ಒಪ್ಪುತ್ತಾರೆ. ಆಮೇಲೆ ಇಬ್ಬರಿಗೂ ಸಿಪಿ87ಎ ಎಂಬ ಪತ್ರ ಬರಬಹುದು: ಈ ಮಗುವನ್ನು ಇನ್ನೊಬ್ಬರೂ ಹಾಕಿದ್ದಾರೆ, ತಪ್ಪಿದ್ದರೆ ತಿದ್ದಿಕೊಳ್ಳಿ ಅಂತ. ನಿಮ್ಮದು ಸರಿ ಇದ್ದರೆ ತಿದ್ದಬೇಕಾಗಿಲ್ಲ. ಇಬ್ಬರೂ ತಿದ್ದದಿದ್ದರೆ ಪುರಾವೆ ಕೇಳುತ್ತಾರೆ. ಶಾಲೆಯ ಲೆಟರ್‌ಹೆಡ್‌ನಲ್ಲಿ ಮಗುವಿನ ವಿಳಾಸ ಇರುವ ಪತ್ರ, ಮಕ್ಕಳ ಡಾಕ್ಟರ್ ದಾಖಲೆ, ಮನೆಯ ಲೀಸ್, ಇವು ಗಟ್ಟಿ ಪುರಾವೆ. ಜೊತೆಗೆ ಒಂದು ಕ್ಯಾಲೆಂಡರ್‌ನಲ್ಲಿ ಮಕ್ಕಳು ಎಲ್ಲಿ ಮಲಗಿದರು ಅಂತ ದಿನಾ ಒಂದಕ್ಷರ ಬರೆದಿಡಿ. "ಅ" ಅಂದರೆ ಅಮ್ಮ, "ಪ" ಅಂದರೆ ಅಪ್ಪ. ಇಷ್ಟು ಸಾಕು. ಮಕ್ಕಳನ್ನೇ ಕೇಳಿ ನೆನಪು ಮಾಡಿಕೊಳ್ಳುವ ಪರಿಸ್ಥಿತಿ ಬರಬಾರದು. ಈ ಜಗಳ ಅವರ ಕಿವಿಗೆ ಬೀಳುವುದೇ ಬೇಡ.

ಇದೇ ಪ್ರಶ್ನೆ ಇರುವ ಬೇರೆ ಓದುಗರಿಗೆ ಎರಡು ಮೂರು ಮಾತು. ಎಚ್-4ನಲ್ಲಿದ್ದು ಇಎಡಿ ಇಲ್ಲದ, ಐಟಿಐಎನ್ ಮಾತ್ರ ಇರುವ ತಾಯಂದಿರೇ, 2025ರಿಂದ ನಿಯಮ ಬದಲಾಗಿದೆ. ಮಗು ಇಲ್ಲೇ ಹುಟ್ಟಿ ಎಸ್‌ಎಸ್‌ಎನ್ ಹೊಂದಿದ್ದರೂ, ಕ್ರೆಡಿಟ್ ಕೇಳುವವರಿಗೂ ಎಸ್‌ಎಸ್‌ಎನ್ ಬೇಕು. ಜಾಯಿಂಟ್ ಆದರೆ ಇಬ್ಬರಲ್ಲಿ ಒಬ್ಬರಿಗಿದ್ದರೆ ಸಾಕು. ಒಬ್ಬರೇ ಫೈಲ್ ಮಾಡುವಾಗ ನಿಮಗೆ ಆ 2,200 ಸಿಗುವುದಿಲ್ಲ. ಆಗ ಎಸ್‌ಎಸ್‌ಎನ್ ಇರುವ ಅಪ್ಪನಿಗೆ 8332 ಸಹಿ ಮಾಡಿ ಕೊಟ್ಟು, ಬದಲಿಗೆ ಆ ದುಡ್ಡಿನಲ್ಲಿ ಪಾಲನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಬುದ್ಧಿವಂತಿಕೆ. ಇಲ್ಲದಿದ್ದರೆ ಯಾರಿಗೂ ಸಿಗದೆ ಹೋಗುತ್ತದೆ. ಅವರ ಆದಾಯ 2,00,000 ದಾಟಿದ್ದರೆ ಕ್ರೆಡಿಟ್ ಕರಗುತ್ತಾ ಹೋಗುತ್ತದೆ ಎಂಬುದೂ ಗೊತ್ತಿರಲಿ.

ಆದಾಯ ಕಡಿಮೆ ಇರುವವರು ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಮರೆಯಬೇಡಿ. ಒಂದು ಮಗುವಿದ್ದರೆ 2025ಕ್ಕೆ 4,328 ಡಾಲರ್‌ವರೆಗೆ ಬರುತ್ತದೆ. ಇದೂ ಮಗು ಜೊತೆಗಿರುವವರಿಗೆ ಮಾತ್ರ, ಬಿಟ್ಟುಕೊಡಲು ಬರುವುದಿಲ್ಲ. ಆದರೆ ತಾಯಿಗೂ ಮಗುವಿಗೂ ಎಸ್‌ಎಸ್‌ಎನ್ ಬೇಕು. ಟೆಕ್ಸಸ್, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಲ್ಲಿರುವವರಿಗೆ ಮೇಲಿನ ನನ್ನ ಅಂಕಿಗಳು ಹಾಗೇ ಅನ್ವಯಿಸುವುದಿಲ್ಲ. ಅಲ್ಲಿ ದಂಪತಿಯ ಆದಾಯ ಇಬ್ಬರಿಗೂ ಸೇರಿದ್ದು ಎಂಬ ಕಾನೂನಿದೆ. ಬೇರೆ ಬೇರೆ ಫೈಲ್ ಮಾಡುವಾಗ ಅರ್ಧರ್ಧ ತೋರಿಸಬೇಕಾಗಬಹುದು. ಅಲ್ಲಿಯವರು ಸ್ಥಳೀಯ ಟ್ಯಾಕ್ಸ್ ಪರಿಣತರನ್ನು ಕೂತು ಕೇಳಲೇಬೇಕು.

ನಿಮಗೇ ಕೊನೆಯದಾಗಿ ಒಂದು. ಡಿಕ್ರಿ 2026ರ ಡಿಸೆಂಬರ್‌ನಲ್ಲಿ ಬರಲಿ, 2027ರ ಜನವರಿಯಲ್ಲಿ ಬರಲಿ, ಮಕ್ಕಳು ಹೀಗೇ ನಿಮ್ಮ ಜೊತೆ ಇದ್ದು ಮನೆ ನೀವೇ ನಡೆಸುತ್ತಿದ್ದರೆ ಟ್ಯಾಕ್ಸ್‌ನಲ್ಲಿ ನಿಮಗೆ ದೊಡ್ಡ ವ್ಯತ್ಯಾಸವಿಲ್ಲ, ಎರಡರಲ್ಲೂ ಹೆಡ್ ಆಫ್ ಹೌಸ್‌ಹೋಲ್ಡ್. ಆದರೆ ನಿಮ್ಮ ಎಚ್-4 ನಿಂತಿರುವುದು ಅವರ ಎಚ್-1ಬಿ ಮೇಲೆ. ಡಿವೋರ್ಸ್ ಆದ ದಿನ ಆ ಆಧಾರ ಹೋಗುತ್ತದೆ. ಟ್ಯಾಕ್ಸ್‌ಗಾಗಿ ಯಾರಾದರೂ "ಬೇಗ ಮುಗಿಸಿಬಿಡಿ" ಅಂದರೆ ಒಪ್ಪಬೇಡಿ. ಮೊದಲು ಇಮಿಗ್ರೇಶನ್ ವಕೀಲರನ್ನು ನೋಡಿ, ನಿಮ್ಮ ಹೆಸರಿನಲ್ಲೇ ವೀಸಾ ದಾರಿ ಏನಿದೆ ಅಂತ ಕೇಳಿ, ಆಮೇಲೆ ತಾರೀಖಿನ ಮಾತಾಡಿ. ಈ ವಾರ ಮಾಡಬೇಕಾದ್ದು ಇನ್ನೊಂದಿದೆ: ಆಫೀಸಿನ ಎಚ್‌ಆರ್‌ಗೆ ಹೊಸ ಡಬ್ಲ್ಯು-4 (ಸಂಬಳದಿಂದ ಎಷ್ಟು ಟ್ಯಾಕ್ಸ್ ಹಿಡಿಯಬೇಕು ಅಂತ ತಿಳಿಸುವ ಫಾರ್ಮ್) ಕೊಟ್ಟು ಹೆಡ್ ಆಫ್ ಹೌಸ್‌ಹೋಲ್ಡ್ ಅಂತ ಬದಲಿಸಿ. ಏಪ್ರಿಲ್‌ವರೆಗೆ ಕಾಯದೆ, ಮುಂದಿನ ಸಂಬಳದಿಂದಲೇ ಕೈಗೆ ಸ್ವಲ್ಪ ಜಾಸ್ತಿ ಬರುತ್ತದೆ.